ಪೀಠದಿಂದ ಇಳಿದು ಬನ್ನಿ ಸ್ವಾಮಿ: ಓದುಗರ ಪ್ರಶ್ನೆಗೆ ಉತ್ತರ

ಷೇಕ್ಸ್‌ಪಿಯರ್ ಮತ್ತು ಅವನ ಓರಗೆಯವರ ನಾಟಕಗಳಲ್ಲಿ ಕೋರ್ಟು, ಜಡ್ಜು, ವಕೀಲ, ಸಾಲಪತ್ರ ಇವೇ ಯಾಕೆ ಇಷ್ಟು ಜಾಸ್ತಿ ಎಂದು ಹೋದ ತಿಂಗಳು ಇದೇ ಅಂಕಣದಲ್ಲಿ ಒಂದು ಮಾತು ಹೇಳಿ ಬಿಟ್ಟಿದ್ದೆ. ಅಷ್ಟಕ್ಕೇ ದಾವಣಗೆರೆ, ಚಿತ್ರದುರ್ಗ ಎರಡೂ ಜಿಲ್ಲೆಗಳಿಂದ ಪತ್ರಗಳು ಬಂದಿವೆ. ಒಬ್ಬರು ಪುಟಗಟ್ಟಲೆ ಬರೆದಿದ್ದಾರೆ, ಮುಕ್ಕಾಲು ಪಾಲು ಅವರ ಸ್ವಂತ ಜಮೀನಿನ ಕೇಸು. ಅದಕ್ಕೆ ಒಳ್ಳೆಯ ವಕೀಲರನ್ನು ನೋಡಿ, ನಾನು ಬರೀ ನಾಟಕದವನು. ಉಳಿದವಕ್ಕೆ ಕೈಲಾದಷ್ಟು ಉತ್ತರ ಇಲ್ಲಿದೆ.

ಪ್ರಶ್ನೆ: ‘ದಿ ಮರ್ಚೆಂಟ್ ಆಫ್ ವೆನಿಸ್’ನಲ್ಲಿ ಪೋರ್ಷಿಯಾ "ಮಾಂಸ ತಗೋ, ರಕ್ತ ಒಂದು ತೊಟ್ಟೂ ಬೀಳಬಾರದು" ಎಂದು ವಾದ ಮಾಡುತ್ತಾಳಲ್ಲ, ಅದು ನಮ್ಮ ಕೋರ್ಟಿನಲ್ಲಿ ನಿಲ್ಲುತ್ತದಾ? ನಮ್ಮ ಕ್ಲಾಸಿನಲ್ಲಿ ಇದರ ಮೇಲೆ ದೊಡ್ಡ ಜಗಳವೇ ಆಯಿತು.
— ಕಾನೂನು ವಿದ್ಯಾರ್ಥಿನಿ, ದಾವಣಗೆರೆ

ನಾಟಕ ಓದದವರಿಗೆ ಒಂದು ಮಾತು: ವೆನಿಸ್ಸಿನ ವರ್ತಕ ಆಂಟೋನಿಯೋಗೆ ಸಾಲ ಕೊಟ್ಟು ಈ ಮಾಂಸದ ಪತ್ರ ಬರೆಸಿಕೊಂಡವನು ಶೈಲಾಕ್ ಎಂಬ ಯಹೂದಿ ಲೇವಾದೇವಿಗಾರ. ಇನ್ನು ಉತ್ತರ. ರಕ್ತದವರೆಗೆ ಹೋಗುವ ಪ್ರಮೇಯವೇ ಬರುವುದಿಲ್ಲ. ನಮ್ಮ 1872ರ ಕರಾರು ಕಾಯ್ದೆಯ 23ನೇ ಕಲಂ ನಿಮಗೆ ನನಗಿಂತ ಚೆನ್ನಾಗಿ ಗೊತ್ತಿರುತ್ತದೆ. ಇನ್ನೊಬ್ಬರ ಮೈಗೋ ಆಸ್ತಿಗೋ ಹಾನಿ ಮಾಡುವ ಒಪ್ಪಂದ ಊರ್ಜಿತವೇ ಅಲ್ಲ. 3,000 ಡುಕಾಟ್ (ಆಗಿನ ಚಿನ್ನದ ನಾಣ್ಯ) ಸಾಲ, ಮೂರು ತಿಂಗಳ ಗಡುವು, ತಪ್ಪಿದರೆ ಒಂದು ಪೌಂಡ್ ಮಾಂಸ ಎಂಬ ಪತ್ರ ಹಿಡಿದು ಯಾರಾದರೂ ಬಂದರೆ, ನಮ್ಮ ಸಿವಿಲ್ ಜಡ್ಜ್ ಅಸಲು ವಿಚಾರ ಮಾತ್ರ ಮಾತಾಡಿ ಎನ್ನುತ್ತಾರೆ. ದಂಡ ಎಷ್ಟೇ ಬರೆಸಿಕೊಂಡಿದ್ದರೂ 74ನೇ ಕಲಂ ಪ್ರಕಾರ ಸಿಗುವುದು ಸಮಂಜಸ ಪರಿಹಾರ ಅಷ್ಟೇ.

ರಕ್ತದ ವಾದ ಕೇಳೋಕೆ ಚೆಂದ, ಗಟ್ಟಿ ಇಲ್ಲ. ಒಂದು ಹಕ್ಕು ಕೊಟ್ಟರೆ ಅದನ್ನು ನಡೆಸಿಕೊಳ್ಳಲು ಬೇಕಾದ್ದನ್ನೂ ಕೊಟ್ಟ ಹಾಗೆಯೇ. ಚನ್ನಗಿರಿ ಕಡೆ ಅಡಿಕೆ ತೋಟದ ಫಸಲನ್ನು ಖೇಣಿಗೆ (ಗುತ್ತಿಗೆಗೆ) ಕೊಟ್ಟು, ಅಡಿಕೆ ಗೊನೆ ಕೊಯ್ದುಕೋ ಆದರೆ ತೋಟದೊಳಗೆ ಕಾಲಿಡಬೇಡ ಅಂದರೆ ಖೇಣಿದಾರ ಸುಮ್ನೆ ಇರ್ತಾನಾ?

ನಿಮ್ಮ ಕ್ಲಾಸಿನವರು ಜಗಳ ಆಡಬೇಕಾದ್ದು ಬೇರೆ ವಿಷಯಕ್ಕೆ. ಪೋರ್ಷಿಯಾ ಯಾರು? ಪಡುವಾ ಊರಿನ ಕಾನೂನು ಪಂಡಿತ ಬೆಲ್ಲಾರಿಯೋ ಕಳಿಸಿದ ಯುವ ವಿದ್ವಾಂಸ ಎಂದು ಕೋರ್ಟು ನಂಬಿದೆ. ನಿಜಕ್ಕೆ ಅವಳು ಬಸ್ಸಾನಿಯೋನ ಹೆಂಡತಿ. ಆಂಟೋನಿಯೋ ಆ ಸಾಲ ಎತ್ತಿದ್ದೇ ಗೆಳೆಯ ಬಸ್ಸಾನಿಯೋಗೋಸ್ಕರ. ಬಸ್ಸಾನಿಯೋಗೆ ದುಡ್ಡು ಬೇಕಾಗಿದ್ದು ಪೋರ್ಷಿಯಾಳನ್ನು ಮದುವೆಯಾಗಲು ಹೋಗುವ ಖರ್ಚಿಗೆ. ಅಂದರೆ ಆ ಸಾಲದ ದುಡ್ಡಿನಿಂದ ಯಾರ ಮದುವೆ ನಡೆಯಿತೋ ಆ ಮದುಮಗಳೇ ವೇಷ ಹಾಕಿಕೊಂಡು ಬಂದು ಆ ಸಾಲದ ಮೇಲೆ ತೀರ್ಪು ಹೇಳುತ್ತಿದ್ದಾಳೆ! ಇದನ್ನು ಕೋರ್ಟಿನಲ್ಲಿ ಯಾರೂ ಕೇಳುವುದಿಲ್ಲ, ಯಾಕೆಂದರೆ ಯಾರಿಗೂ ಗೊತ್ತಿಲ್ಲ. ನೋಡುವ ನಮಗೆ ಗೊತ್ತು.

ಇನ್ನೂ ಒಂದು ಇದೆ. ಶೈಲಾಕ್ ಕೋರ್ಟಿನಲ್ಲಿ ಒಂದು ಮಾತು ಹೇಳುತ್ತಾನೆ, ಪಾಠ ಮಾಡುವವರು ಅದನ್ನು ಸಾಮಾನ್ಯವಾಗಿ ಹಾರಿಸಿಬಿಡುತ್ತಾರೆ. ನಿಮ್ಮ ಮನೆಗಳಲ್ಲಿ ದುಡ್ಡು ಕೊಟ್ಟು ತಂದ ಗುಲಾಮರಿದ್ದಾರೆ, ಅವರನ್ನು ಕತ್ತೆ ನಾಯಿಗಳ ಹಾಗೆ ದುಡಿಸುತ್ತೀರಿ, ಅವರನ್ನು ಬಿಟ್ಟುಬಿಡಿ, ನಿಮ್ಮ ಮಕ್ಕಳಿಗೆ ಮದುವೆ ಮಾಡಿಕೊಡಿ ಅಂತ ನಾನು ಹೇಳಲಾ? "ಗುಲಾಮರು ನಮ್ಮ ಸ್ವತ್ತು" ಅನ್ನುತ್ತೀರಿ. ಹಾಗೇ ಈ ಒಂದು ಪೌಂಡ್ ಮಾಂಸ ನಾನು ದುಡ್ಡು ಕೊಟ್ಟು ಕೊಂಡದ್ದು, ಇದು ನನ್ನ ಸ್ವತ್ತು. ಇದು ಅವನ ವಾದ. ವಿಚಾರಣೆ ನಡೆಸುತ್ತಿರುವ ವೆನಿಸ್ ದೊರೆ ಏನು ಉತ್ತರ ಕೊಡುತ್ತಾನೆ ಗೊತ್ತಾ? ಬೆಲ್ಲಾರಿಯೋ ಬರದಿದ್ದರೆ ಕೋರ್ಟು ಮುಂದಕ್ಕೆ ಹಾಕುತ್ತೇನೆ ಎನ್ನುತ್ತಾನೆ. ಅಷ್ಟೇ. ಪ್ರಶ್ನೆ ಹಾಗೇ ಬಿದ್ದಿದೆ.

ಆಮೇಲೆ ಶೈಲಾಕ್ ಸೋತು, ಅಸಲು ಕೊಟ್ಟರೆ ಸಾಕು, ಹೋಗುತ್ತೇನೆ ಎಂದರೂ ಬಿಡುವುದಿಲ್ಲ. ಪರದೇಶಿಯೊಬ್ಬ ವೆನಿಸ್ ಪ್ರಜೆಯ ಜೀವ ತೆಗೆಯಲು ನೋಡಿದರೆ ಅವನ ಅರ್ಧ ಆಸ್ತಿ ಎದುರಾಳಿಗೆ, ಇನ್ನರ್ಧ ಸರ್ಕಾರಕ್ಕೆ, ಜೀವ ದೊರೆಯ ಕೈಯಲ್ಲಿ ಎಂಬ ಇನ್ನೊಂದು ಕಾನೂನು ಹೊರಗೆ ಬರುತ್ತದೆ. ಆಂಟೋನಿಯೋ ಮೇಲಿನಿಂದ ಮತಾಂತರದ ಷರತ್ತನ್ನೂ ಸೇರಿಸುತ್ತಾನೆ. ತಾನು ಬಾಳುತ್ತಿರುವ ಊರಿನಲ್ಲೇ ಶೈಲಾಕ್ ಪರದೇಶಿ. ಇಂಗ್ಲೆಂಡಿನಲ್ಲಂತೂ 1290ರಲ್ಲೇ ಯಹೂದಿಗಳನ್ನು ದೇಶದಿಂದ ಹೊರಗೆ ಹಾಕಿದ್ದರು. ಆಗ ನಾಟಕ ನೋಡಿದ ಬಹಳಷ್ಟು ಜನ ಈ ತೀರ್ಪಿಗೆ ಚಪ್ಪಾಳೆ ತಟ್ಟಿರಲೂಬಹುದು. ನಮಗೆ ಇವತ್ತು ಅದು ಗಂಟಲಲ್ಲಿ ಇಳಿಯುವುದಿಲ್ಲ, ಇಳಿಯಲೂಬಾರದು.

ಪ್ರಶ್ನೆ: "ಮೊದಲು ವಕೀಲರನ್ನೆಲ್ಲ ಕೊಂದುಬಿಡೋಣ" ಎಂದು ಷೇಕ್ಸ್‌ಪಿಯರ್ ಹೇಳಿದ್ದಾನೆ ಎಂದು ನಮ್ಮ ಕಕ್ಷಿದಾರರೇ ವಾಟ್ಸ್ಯಾಪಿನಲ್ಲಿ ಕಳಿಸುತ್ತಾರೆ. ಇದು ನಿಜವಾ?
— ವಕೀಲರು, ಚಿತ್ರದುರ್ಗ

ಫೀಸು ಕೊಟ್ಟ ಮೇಲೆ ಕಳಿಸಿದರೋ ಕೊಡುವ ಮುಂಚೆಯೋ? ಇರಲಿ.

ಮಾತು ನಿಜ. ಹೇಳಿದ್ದು ಷೇಕ್ಸ್‌ಪಿಯರ್ ಅಲ್ಲ, ಅವನ ‘ಆರನೇ ಹೆನ್ರಿ’ ಎರಡನೇ ಭಾಗದಲ್ಲಿ ಬರುವ ಡಿಕ್ ಎಂಬ ಕಟುಕ. ಜ್ಯಾಕ್ ಕೇಡ್ ಎಂಬುವನು 1450ರಲ್ಲಿ ಲಂಡನ್ನಿನ ಮೇಲೆ ದಂಡೆತ್ತಿ ಬಂದ ದಂಗೆಯ ಕಥೆ ಅದು. ಕೇಡ್ ದೊರೆಯಾದರೆ ಏನೇನು ಮಾಡಬೇಕು ಎಂದು ಗುಂಪು ಹರಟುತ್ತಿರುವಾಗ ಡಿಕ್ ಈ ಸಲಹೆ ಕೊಡುತ್ತಾನೆ. ಅರಾಜಕತೆ ಬೇಕಿದ್ದವನು ಹೇಳಿದ್ದು, ಹಾಗಾಗಿ ಇದು ವಕೀಲರಿಗೆ ಹೊಗಳಿಕೆ ಎಂದು ನಿಮ್ಮವರು ವಾದಿಸುತ್ತಾರೆ. ನಾನು ಅಷ್ಟು ಸುಲಭಕ್ಕೆ ಒಪ್ಪುವುದಿಲ್ಲ.

ಯಾಕೆಂದರೆ ಕೇಡ್ ಅದಕ್ಕೆ ಕೊಡುವ ಉತ್ತರ ನೋಡಿ. ಪಾಪದ ಕುರಿಮರಿಯ ಚರ್ಮ ಸುಲಿದು ಕಾಗದ ಮಾಡುತ್ತಾರೆ, ಅದರ ಮೇಲೆ ಗೀಚಿ ಒಬ್ಬ ಮನುಷ್ಯನನ್ನೇ ಮುಗಿಸುತ್ತಾರೆ. ಜನ ಜೇನುನೊಣ ಕಚ್ಚುತ್ತದೆ ಅಂತಾರೆ, ನನಗೆ ಕಚ್ಚಿದ್ದು ಜೇನುಮೇಣ. ಒಂದೇ ಒಂದು ಸಲ ಪತ್ರಕ್ಕೆ ಅರಗಿನ ಮುದ್ರೆ ಒತ್ತಿದೆ, ಅವತ್ತಿನಿಂದ ನಾನು ನನ್ನವನಾಗಿ ಉಳಿದಿಲ್ಲ. ಹೆಬ್ಬೆಟ್ಟು ಒತ್ತಿ ಹೊಲ ಕಳೆದುಕೊಂಡ ನಮ್ಮ ಚಳ್ಳಕೆರೆ, ಮೊಳಕಾಲ್ಮೂರು ಕಡೆಯ ಹಳಬರು ಈ ಮಾತನ್ನು ಕೇಳಿದರೆ ತಲೆ ಆಡಿಸುತ್ತಾರೆ, ಅಲ್ವಾ?

ಅದೇ ಗುಂಪು ಆಮೇಲೆ ಒಬ್ಬ ಬಡ ಗುಮಾಸ್ತನನ್ನು ಹಿಡಿಯುತ್ತದೆ. ಅವನ ಅಪರಾಧ, ತನ್ನ ಹೆಸರು ತಾನೇ ಬರೆಯಲು ಬರುತ್ತದೆ ಎಂದು ಒಪ್ಪಿಕೊಂಡಿದ್ದು. ಲೇಖನಿ, ಮಸಿಕುಡಿಕೆ ಕೊರಳಿಗೆ ಕಟ್ಟಿ ನೇಣು ಹಾಕಿ ಎನ್ನುತ್ತಾನೆ ಕೇಡ್. ಹುಚ್ಚಾಟ ಅನ್ನಿಸುತ್ತದೆ. ಆದರೆ ಇನ್ನೂ ಸ್ವಲ್ಪ ಮುಂದೆ ಲಾರ್ಡ್ ಸೇ ಎಂಬ ದೊಡ್ಡ ಮನುಷ್ಯನಿಗೆ ಅವನು ಹೇಳುವುದು ಕೇಳಿ: ಬಡವರನ್ನು ಜೈಲಿಗೆ ಹಾಕಿದಿ, ಓದಲು ಬರುವುದಿಲ್ಲ ಎಂಬ ಕಾರಣಕ್ಕೇ ಗಲ್ಲಿಗೆ ಏರಿಸಿದಿ. ಇದು ಸುಳ್ಳು ಆರೋಪ ಅಲ್ಲ. ಮುಂದಿನ ಉತ್ತರ ಓದಿ.

ಪ್ರಶ್ನೆ: ನಾಟಕ ಬರೆಯುವವರಿಗೆ ಕೋರ್ಟಿನ ಒಳಗುಟ್ಟು ಇಷ್ಟೆಲ್ಲ ಹೇಗೆ ಗೊತ್ತಾಯಿತು? ಅವರೇನು ಲಾ ಓದಿದ್ದರಾ?
— ನಿವೃತ್ತ ಶಿರಸ್ತೇದಾರರು, ಹೊಳಲ್ಕೆರೆ

ಕೆಲವರು ಕಾನೂನು ವಿದ್ಯಾಲಯದಲ್ಲಿ ಹೆಸರು ಹಚ್ಚಿದ್ದರು. ಉಳಿದವರು ನಮ್ಮ ನಿಮ್ಮ ಹಾಗೆ, ಕೋರ್ಟಿಗೆ ಅಲೆದು ಕಲಿತವರು.

ಷೇಕ್ಸ್‌ಪಿಯರನ ಓರಗೆಯ ನಾಟಕಕಾರ ಬೆನ್ ಜಾನ್ಸನ್ ಕಥೆ ಕೇಳಿ. 1598ರಲ್ಲಿ ಗೇಬ್ರಿಯಲ್ ಸ್ಪೆನ್ಸರ್ ಎಂಬ ನಟನನ್ನು ಕತ್ತಿಕಾಳಗದಲ್ಲಿ ಕೊಂದ. ತಪ್ಪು ಒಪ್ಪಿಕೊಂಡ. ಗಲ್ಲಾಗಬೇಕಿತ್ತು, ಆಗಲಿಲ್ಲ. ಆಗ ಇಂಗ್ಲೆಂಡಿನಲ್ಲಿ ಪಾದ್ರಿಗಳಿಗೆಂದು ಹುಟ್ಟಿದ ಒಂದು ಹಳೆಯ ರಿಯಾಯಿತಿ ಇತ್ತು, ಬರಬರುತ್ತಾ ಅದು ಓದು ಬಂದ ಗಂಡಸರಿಗೆಲ್ಲ ಸಿಗುತ್ತಿತ್ತು. ಬೈಬಲ್ಲಿನ ಲ್ಯಾಟಿನ್ ಕೀರ್ತನೆಯ ಸಾಲೊಂದನ್ನು ಓದಿ ತೋರಿಸಿದರೆ ಮೊದಲ ಸಲಕ್ಕೆ ಕೊರಳು ಉಳಿಯುತ್ತಿತ್ತು. ಜಾನ್ಸನ್ ಓದಿದ. ಹೆಬ್ಬೆರಳಿಗೆ ಬರೆ ಹಾಕಿ ಬಿಟ್ಟರು, ಎರಡನೇ ಸಲ ಇದೇ ದಾರಿ ಹಿಡಿಯದಿರಲಿ ಅಂತ. ಓದು ಬಾರದವನು ಅದೇ ತಪ್ಪು ಮಾಡಿದ್ದರೆ ಹಗ್ಗ. ಕೇಡ್ ಕೂಗಿದ್ದು ಇದನ್ನೇ.

ಷೇಕ್ಸ್‌ಪಿಯರ್ ಬಾಡಿಗೆಗೆ ಇದ್ದ ಮನೆಯ ಯಜಮಾನ ಮೌಂಟ್‌ಜಾಯ್‌ಗೂ ಅವನ ಅಳಿಯನಿಗೂ ವರದಕ್ಷಿಣೆ ತಕರಾರು ಬಂತು. ಅರವತ್ತು ಪೌಂಡ್ ಕೊಡುತ್ತೇನೆ ಅಂದಿದ್ದರು, ಕೊಡಲಿಲ್ಲ ಎಂದು ಅಳಿಯನ ದಾವೆ. ಆ ಮದುವೆಗೆ ಹುಡುಗನನ್ನು ಒಪ್ಪಿಸಿದವರಲ್ಲಿ ಷೇಕ್ಸ್‌ಪಿಯರನೂ ಒಬ್ಬ. 1612ರಲ್ಲಿ ಸಾಕ್ಷಿ ಹೇಳಲು ಕರೆದರು. ಹುಡುಗ ಒಳ್ಳೆಯವನು, ವರದಕ್ಷಿಣೆ ಮಾತು ಆಗಿದ್ದೂ ನಿಜ, ಎಷ್ಟು ಎಂದು ನೆನಪಿಲ್ಲ ಎಂದು ಹೇಳಿ ಸಹಿ ಹಾಕಿ ಬಂದ. ಶಿರಸ್ತೇದಾರರೇ, ಇಂಥ ಸಾಕ್ಷಿಗಳನ್ನು ನೀವು ನೋಡದೆ ಇರುತ್ತೀರಾ!

ನಾಟಕಶಾಲೆಯೇ ಒಂದು ವ್ಯಾಜ್ಯ. ಜಾಗದ ಗುತ್ತಿಗೆ ಮುಗಿದು ಮಾಲೀಕ ತಕರಾರು ತೆಗೆದಾಗ, 1598ರ ಡಿಸೆಂಬರಿನಲ್ಲಿ ಷೇಕ್ಸ್‌ಪಿಯರನ ತಂಡದ ಬರ್ಬೇಜ್ ಸಹೋದರರು ತಮ್ಮ ನಾಟಕಶಾಲೆಯ ಮರಮುಟ್ಟನ್ನೆಲ್ಲ ಬಿಚ್ಚಿ ಸಾಗಿಸಿಬಿಟ್ಟರು. ಅದೇ ಮರದಲ್ಲಿ ಎದ್ದಿದ್ದು ಷೇಕ್ಸ್‌ಪಿಯರ್ ನಾಟಕಗಳು ನಡೆದ ಗ್ಲೋಬ್ ನಾಟಕಶಾಲೆ. ಜಾಗದ ಮಾಲೀಕ ಕೋರ್ಟಿನಿಂದ ಕೋರ್ಟಿಗೆ ಅಲೆದ.

ಇನ್ನು ನೋಡುವವರಲ್ಲೂ ವಕೀಲರೇ ತುಂಬ. ಲಂಡನ್ನಿನ ನಾಲ್ಕು ಕಾನೂನು ವಿದ್ಯಾಲಯಗಳ ಹುಡುಗರಿಗೆ ನಾಟಕದ ಹುಚ್ಚು. 1594ರ ಡಿಸೆಂಬರ್ 28ರಂದು ಗ್ರೇಸ್ ಇನ್‌ನಲ್ಲಿ ‘ದಿ ಕಾಮಿಡಿ ಆಫ್ ಎರರ್ಸ್’ ಆಡಿದರು, 1602ರ ಫೆಬ್ರವರಿ 2ರಂದು ಮಿಡಲ್ ಟೆಂಪಲ್‌ನಲ್ಲಿ ‘ಟ್ವೆಲ್ಫ್ತ್ ನೈಟ್’. ಇದೇ ಗ್ರೇಸ್ ಇನ್‌ನಲ್ಲೇ ಮುಂದೆ ನಮ್ಮ ಅಂಬೇಡ್ಕರ್ ಓದಿದರು, ಗಾಂಧೀಜಿ ಓದಿದ್ದು ಮಿಡಲ್ ಟೆಂಪಲ್ ಪಕ್ಕದ ಇನ್ನರ್ ಟೆಂಪಲ್‌ನಲ್ಲಿ. ಹೀಗೆ ಎದುರಿಗೆ ಕೂತವರಿಗೆಲ್ಲ ಕಾನೂನು ಗೊತ್ತಿರುವಾಗ ಬರೆಯುವವನು ಬಾಯಿಗೆ ಬಂದದ್ದು ಬರೆಯುವ ಹಾಗಿರಲಿಲ್ಲ.

ಪ್ರಶ್ನೆ: ಪೋರ್ಷಿಯಾ ಗಂಡಸಿನ ವೇಷ ಹಾಕಿಕೊಂಡಳು, ಗೆದ್ದಳು. ಹೆಂಗಸಾಗಿಯೇ ಕೋರ್ಟಿಗೆ ಹೋದವರ ಗತಿ ಏನು?
— ಗೃಹಿಣಿ, ಹರಿಹರ

ಈ ಸಲದ ಪ್ರಶ್ನೆಗಳಲ್ಲಿ ನನಗೆ ತುಂಬ ಹಿಡಿಸಿದ್ದು ಇದು.

‘ಮೆಷರ್ ಫಾರ್ ಮೆಷರ್’ನಲ್ಲಿ ದೊರೆ ಊರು ಬಿಟ್ಟು ಹೋಗುತ್ತೇನೆಂದು ಹೇಳಿ ಅಧಿಕಾರವನ್ನು ಏಂಜೆಲೋ ಕೈಗೆ ಕೊಟ್ಟಿದ್ದಾನೆ. ಇಸಾಬೆಲ್ಲಾ ಎಂಬ ಹುಡುಗಿ ಅಣ್ಣನ ಜೀವ ಉಳಿಸಿ ಎಂದು ಈ ಏಂಜೆಲೋ ಹತ್ತಿರ ಬರುತ್ತಾಳೆ. ಅಣ್ಣ ಕ್ಲಾಡಿಯೋ ಮದುವೆ ಶಾಸ್ತ್ರ ಪೂರ್ತಿ ಆಗುವ ಮೊದಲೇ ತನ್ನ ಹುಡುಗಿಯನ್ನು ಬಸಿರು ಮಾಡಿದ್ದಾನೆ. ವರ್ಷಗಟ್ಟಲೆ ಯಾರೂ ಮುಟ್ಟದೆ ಧೂಳು ತಿನ್ನುತ್ತಿದ್ದ ಕಾನೂನು ಹೊರಗೆ ತೆಗೆದು ಏಂಜೆಲೋ ಅವನಿಗೆ ಮರಣದಂಡನೆ ಹಾಕಿದ್ದಾನೆ. ಕೈ ಬಾಯಿ ಶುದ್ಧ ಎಂದು ಊರೆಲ್ಲ ಹೊಗಳುವ ಮನುಷ್ಯ. ಅವನು ಇಸಾಬೆಲ್ಲಾಗೆ ಹೇಳುವುದು, ನೀನು ನನ್ನ ಜೊತೆ ಮಲಗು, ಅಣ್ಣನನ್ನು ಬಿಡುತ್ತೇನೆ. ಊರಿಗೆಲ್ಲ ಸಾರುತ್ತೇನೆ ಎಂದು ಅವಳು ಅಂದಾಗ ಅವನ ಉತ್ತರ ತಣ್ಣಗಿದೆ: ನಿನ್ನನ್ನು ಯಾರು ನಂಬುತ್ತಾರೆ ಇಸಾಬೆಲ್? ಈ ನಾಟಕ 1604ರಲ್ಲಿ ಅರಮನೆಯಲ್ಲೇ ಆಡಿದ್ದು. ಇವತ್ತು ಯಾವುದೇ ಆಫೀಸಿನಲ್ಲಿ ದೂರು ಕೊಡಲು ಹೊರಟ ಹೆಣ್ಣುಮಗಳು ಮೊದಲು ಕೇಳುವ ಮಾತೂ ಇದೇ ಅಲ್ವಾ?

ಕೊನೆಯಲ್ಲಿ ಅವಳು ಎಲ್ಲರೆದುರು ದೂರು ಹೇಳುತ್ತಾಳೆ. ದೊರೆಗೆ ಸತ್ಯ ಗೊತ್ತು, ಸನ್ಯಾಸಿ ವೇಷದಲ್ಲಿ ಎಲ್ಲ ನೋಡಿದ್ದಾನೆ. ಆದರೂ ಬೇಕಂತಲೇ ಏಂಜೆಲೋಗೆ ಹೇಳುತ್ತಾನೆ: ಬಾಪ್ಪಾ, ನಿನ್ನ ಕೇಸಿಗೆ ನೀನೇ ಜಡ್ಜ್ ಆಗು. ಅವನನ್ನು ಬಲೆಗೆ ಬೀಳಿಸುವ ಉಪಾಯ ಇರಬಹುದು, ಆದರೆ ಆ ನಾಟಕದಲ್ಲಿ ಅಲ್ಲಿಯವರೆಗೆ ನಡೆದಿದ್ದೇ ಅದು.

ಇನ್ನೊಬ್ಬಳು ವಿಟ್ಟೋರಿಯಾ. ಜಾನ್ ವೆಬ್‌ಸ್ಟರ್‌ನ ‘ದಿ ವೈಟ್ ಡೆವಿಲ್’, 1612. ಇವಳು ಸಾಧ್ವಿ ಅಲ್ಲ. ಗಂಡನ ಕೊಲೆಯಲ್ಲಿ ಅವಳ ನೆರಳಿದೆ. ಆದರೆ ಅವಳ ವಿಚಾರಣೆ ನಡೆಯುವ ರೀತಿ ನೋಡಿ. ವಕೀಲ ಎದ್ದವನೇ ಲ್ಯಾಟಿನ್ ಶುರು ಮಾಡುತ್ತಾನೆ. ಅವಳು ತಡೆಯುತ್ತಾಳೆ. ನಿನಗೆ ಲ್ಯಾಟಿನ್ ಬರುತ್ತದಲ್ಲ ಎನ್ನುತ್ತಾರೆ. ನನಗೆ ಬರುತ್ತದೆ, ಕೇಳಲು ಬಂದ ಜನರಲ್ಲಿ ಅರ್ಧ ಜನಕ್ಕೆ ಬರುವುದಿಲ್ಲ, ನನ್ನ ಮೇಲಿನ ಆರೋಪ ಪರಭಾಷೆಯ ಮರೆಯಲ್ಲಿ ನಡೆಯಬಾರದು ಎನ್ನುತ್ತಾಳೆ. ನಮ್ಮ ಹೈಕೋರ್ಟಿನ ಕಲಾಪ ಇಂದಿಗೂ ಇಂಗ್ಲಿಷಿನಲ್ಲೇ, ಸಂವಿಧಾನದ 348ನೇ ವಿಧಿ ಹಾಗಿದೆ. ಅಲ್ಲಿ ಹಿಂದಿನ ಬೆಂಚಿನಲ್ಲಿ ಕೂತು, ವಕೀಲರ ಮುಖ ನೋಡಿಯೇ ಗೆಲುವೋ ಸೋಲೋ ಊಹಿಸುವ ಕಕ್ಷಿದಾರರು ವಿಟ್ಟೋರಿಯಾ ಮಾತಿಗೆ ಹೌದು ಅನ್ನುತ್ತಾರೆ.

ವಕೀಲ ಹೋದ ಮೇಲೆ ಕಾರ್ಡಿನಲ್ (ಚರ್ಚಿನ ಹಿರಿಯ ಧರ್ಮಾಧಿಕಾರಿ) ಮಾಂಟಿಸೆಲ್ಸೋ ತಾನೇ ಆರೋಪ ಮಾಡಲು ಶುರು ಮಾಡುತ್ತಾನೆ. ಸತ್ತವನು ಅವನ ಬಂಧು, ಪೀಠದಲ್ಲಿ ಕೂತಿರುವವನೂ ಅವನೇ. ಆಗ ವಿಟ್ಟೋರಿಯಾ ಹೇಳುತ್ತಾಳೆ: ನೀವು ನನ್ನ ಮೇಲೆ ಆರೋಪ ಹೊರಿಸುವವರಾದರೆ ಜಡ್ಜ್ ಆಗಿರಬೇಡಿ, ಪೀಠದಿಂದ ಇಳಿದು ಬನ್ನಿ. ಇಳಿಯುತ್ತಾನಾ? ಇಲ್ಲ. ಅವಳಿಗೆ ವಕೀಲನೂ ಇಲ್ಲ. ಇದು ಇಟಲಿಯ ಕಥೆ, ಆದರೆ ಇಂಗ್ಲೆಂಡಿನಲ್ಲೂ ಆಗ ಕೊಲೆ, ದರೋಡೆ ಕೇಸಿನ ಆರೋಪಿ ಪರವಾಗಿ ವಕೀಲರು ಪೂರ್ತಿ ವಾದ ಮಾಡುವ ಹಕ್ಕು ಇರಲಿಲ್ಲ, ಅದು ಸಿಕ್ಕಿದ್ದು 1836ರಲ್ಲಿ.

ಈ ನಾಟಕಕ್ಕೆ ಎರಡು ವರ್ಷ ಮುಂಚೆ, 1610ರಲ್ಲಿ, ಲಂಡನ್ನಿನ ನಿಜವಾದ ಕೋರ್ಟಿನಲ್ಲಿ ಡಾ. ಬಾನ್‌ಹ್ಯಾಮ್ ಕೇಸು ತೀರ್ಮಾನವಾಯಿತು. ಲೈಸೆನ್ಸ್ ಇಲ್ಲದೆ ವೈದ್ಯ ಮಾಡಿದ ಎಂದು ವೈದ್ಯರ ಸಂಸ್ಥೆಯೇ ಅವನಿಗೆ ದಂಡ ಹಾಕಿ ಜೈಲಿಗೂ ಹಾಕಿತ್ತು. ದಂಡದಲ್ಲಿ ಅರ್ಧ ಪಾಲು ಅದೇ ಸಂಸ್ಥೆಗೆ! ತನ್ನ ಕೇಸಿಗೆ ತಾನೇ ನ್ಯಾಯಾಧೀಶ ಆಗಬಾರದು ಎಂದು ಮುಖ್ಯ ನ್ಯಾಯಾಧೀಶ ಎಡ್ವರ್ಡ್ ಕೋಕ್ ಹೇಳಿದ್ದು ಆಗಲೇ. ಆ ಕಾಲದ ನಾಟಕಗಳನ್ನು ಸಾಲಾಗಿ ಓದಿದರೆ ನನಗೆ ಎದ್ದು ಕಾಣುವುದು ಇದೇ. ಕಾನೂನು ಸರಿ ಇದೆಯೋ ಇಲ್ಲವೋ ಎನ್ನುವುದಕ್ಕಿಂತ, ತೀರ್ಪು ಹೇಳುವವನಿಗೆ ಆ ಕೇಸಿನಲ್ಲಿ ಏನು ಲಾಭ ಎಂದು ಅವರು ಬಿಡದೆ ಕೇಳುತ್ತಾರೆ.

ಪ್ರಶ್ನೆ: ಸಿರಿಗೆರೆಯಲ್ಲಿ ಸೋಮವಾರ ಸ್ವಾಮೀಜಿಯವರ ನ್ಯಾಯಪೀಠ ನಡೆಯುತ್ತದೆ, ಅಣ್ಣತಮ್ಮಂದಿರ ಜಗಳ ಅಲ್ಲೇ ಬಗೆಹರಿಯುತ್ತದೆ. ಕೋರ್ಟಿನ ಹೊರಗೆ ಅಂಥದ್ದೇನಾದರೂ ಆ ನಾಟಕಗಳಲ್ಲಿ ಇದೆಯಾ?
— ರೈತರು, ಭರಮಸಾಗರ

ಸಿರಿಗೆರೆಯಂಥದ್ದು ಇಲ್ಲ, ಆದರೆ ಜಾತ್ರೆ ಕೋರ್ಟು ಇದೆ. ಆಗ ಇಂಗ್ಲೆಂಡಿನ ದೊಡ್ಡ ಜಾತ್ರೆಗಳಲ್ಲಿ ವ್ಯಾಪಾರದ ತಕರಾರು, ತೂಕದ ಮೋಸ ಎಲ್ಲವನ್ನೂ ಜಾಗದಲ್ಲೇ ತೀರ್ಮಾನ ಮಾಡಲು ‘ಪೈ ಪೌಡರ್’ ಎಂಬ ಕೋರ್ಟು ಕೂರುತ್ತಿತ್ತು. ನಾಯಕನಹಟ್ಟಿ ಜಾತ್ರೆಯಲ್ಲಿ ಹಾಗೆ ಒಂದು ಕೋರ್ಟು ಇದ್ದಿದ್ದರೆ ಎಂದು ಯೋಚನೆ ಮಾಡಿ.

ಬೆನ್ ಜಾನ್ಸನ್‌ನ ‘ಬಾರ್ಥಲೋಮ್ಯೂ ಫೇರ್’ (1614) ಅದರ ಜಡ್ಜ್ ಮೇಲೆಯೇ ಬರೆದದ್ದು. ಹೆಸರು ಆಡಮ್ ಓವರ್‌ಡೂ. ಜಾತ್ರೆಯ ಅಕ್ರಮ ಕಣ್ಣಾರೆ ಹಿಡಿಯುತ್ತೇನೆ ಎಂದು ಹುಚ್ಚನ ವೇಷದಲ್ಲಿ ತಿರುಗುತ್ತಾನೆ. ಜೇಬುಗಳ್ಳನನ್ನೇ ಒಳ್ಳೆಯ ಹುಡುಗ ಎಂದು ನಂಬುತ್ತಾನೆ. ಬಿಯರು, ಹೊಗೆಸೊಪ್ಪಿನ ವಿರುದ್ಧ ಭಾಷಣ ಬಿಗಿಯುವಾಗ ಅವನ ಪಕ್ಕದಲ್ಲೇ ಆ ಹುಡುಗ ಒಬ್ಬರ ಹಣದ ಚೀಲ ಹಾರಿಸುತ್ತಾನೆ. ಏಟು ಬೀಳುವುದು ಜಡ್ಜಿಗೆ. ಕಾಲಿಗೆ ಕೊರಡನ್ನೂ ಹಾಕುತ್ತಾರೆ. ಕೊನೆಗೆ ವೇಷ ಕಳಚಿ ಒಬ್ಬೊಬ್ಬರನ್ನೇ ಎಳೆದು ಶಿಕ್ಷೆ ಹೇಳಲು ಹೊರಟಾಗ, ಕುಡಿದು ವಾಂತಿ ಮಾಡಿಕೊಳ್ಳುತ್ತಿರುವ ಒಬ್ಬ ಹೆಂಗಸು ಎದುರಾಗುತ್ತಾಳೆ. ಅವನ ಸ್ವಂತ ಹೆಂಡತಿ. ಅಲ್ಲಿಗೆ ತೀರ್ಪು ಬಂದ್.

ಪ್ರಶ್ನೆ: ನಾವು ಹವ್ಯಾಸಿ ತಂಡದವರು, ಸಾಣೇಹಳ್ಳಿ ನಾಟಕೋತ್ಸವ ನೋಡಿ ಬೆಳೆದವರು. ಕನ್ನಡಕ್ಕೆ ಒಗ್ಗಿಸಿ ಒಂದೇ ಒಂದು ಕೋರ್ಟಿನ ದೃಶ್ಯ ಆಡಬೇಕು. ಯಾವುದು?
— ರಂಗತಂಡ, ಹೊಸದುರ್ಗ

ಪೋರ್ಷಿಯಾ ಬಿಡಿ, ಎಲ್ಲ ಶಾಲೆಯ ವಾರ್ಷಿಕೋತ್ಸವದಲ್ಲೂ ಅದೇ. ಥಾಮಸ್ ಕಿಡ್‌ನ ‘ದಿ ಸ್ಪ್ಯಾನಿಷ್ ಟ್ರಾಜಿಡಿ’ ತೆಗೆದುಕೊಳ್ಳಿ. ಅದರಲ್ಲಿ ಪೆಡ್ರಿಂಗಾನೋ ಎಂಬ ಆಳು ಯಜಮಾನನ ಮಾತು ಕೇಳಿ ಕೊಲೆ ಮಾಡಿ ಸಿಕ್ಕಿಬಿದ್ದಿದ್ದಾನೆ. ನಿನಗೆ ಕ್ಷಮಾಪಣೆ ಪತ್ರ ಈ ಪೆಟ್ಟಿಗೆಯಲ್ಲಿದೆ, ಹುಡುಗ ತಂದುಕೊಡುತ್ತಾನೆ ಎಂದು ಯಜಮಾನ ಹೇಳಿಕಳಿಸಿದ್ದಾನೆ. ಪೆಟ್ಟಿಗೆ ತೆಗೆಯಬೇಡ ಅಂದಿದ್ದಕ್ಕೇ ಹುಡುಗ ದಾರಿಯಲ್ಲಿ ತೆಗೆದು ನೋಡುತ್ತಾನೆ. ಖಾಲಿ. ಆದರೂ ಹೋಗಿ ಗಲ್ಲಿನ ಪಕ್ಕ ಪೆಟ್ಟಿಗೆ ಹಿಡಿದು ನಿಲ್ಲುತ್ತಾನೆ. ಪೆಡ್ರಿಂಗಾನೋ ಅದರ ಧೈರ್ಯದ ಮೇಲೆ ನೇಣು ಹಾಕುವವನ ಜೊತೆ ತಮಾಷೆ ಮಾಡುತ್ತಲೇ ಇರುತ್ತಾನೆ, ಹಗ್ಗ ಬಿಗಿಯುವವರೆಗೂ. ಜನ ನಗುತ್ತಾ ನಗುತ್ತಾ ನಿಲ್ಲಿಸುತ್ತಾರೆ, ನೋಡಿ ಬೇಕಾದರೆ.

ಶಿಕ್ಷೆ ಕೊಡುತ್ತಿರುವ ಜಡ್ಜ್ ಹೈರೋನಿಮೋ. ಅವನ ಮಗನನ್ನು ಕೊಂದವರಲ್ಲಿ ಈ ಆಳೂ ಒಬ್ಬ ಎಂದು ಅವನಿಗೆ ಆಗ ಗೊತ್ತಿಲ್ಲ. ಊರಿಗೆಲ್ಲ ನ್ಯಾಯ ಹೇಳುವವನಿಗೆ ತನ್ನ ಮಗನಿಗೆ ನ್ಯಾಯ ಸಿಗುತ್ತಿಲ್ಲ. ಆಮೇಲೆ ಬಡವರು ಅರ್ಜಿ ಹಿಡಿದು ಬಂದಾಗ ದುಃಖದಲ್ಲಿ ಅವರ ಕಾಗದಗಳನ್ನೆಲ್ಲ ಹಲ್ಲಿನಲ್ಲಿ ಕಚ್ಚಿ ಹರಿಯುತ್ತಾನೆ. ಎರಡನ್ನೂ ಸೇರಿಸಿ ಆಡಿ. ಸಾಮಾನು ಏನೂ ಬೇಡ, ಒಂದು ಪೆಟ್ಟಿಗೆ, ಒಂದು ಹಗ್ಗ, ಒಂದಷ್ಟು ಹಳೇ ಪೇಪರು.

ಪ್ರಶ್ನೆ: ಎಲ್ಲ ಜಡ್ಜುಗಳೂ ಕೆಟ್ಟವರೇ? ಒಬ್ಬನಾದರೂ ಒಳ್ಳೆಯವನು ಇಲ್ಲವಾ?
— ಕಾಲೇಜು ವಿದ್ಯಾರ್ಥಿ, ದಾವಣಗೆರೆ

ಇದ್ದಾರೆ. ವೆಬ್‌ಸ್ಟರ್‌ನ ‘ದಿ ಡೆವಿಲ್ಸ್ ಲಾ ಕೇಸ್’ನಲ್ಲಿ ಕ್ರಿಸ್ಪಿಯಾನೋ ಇದ್ದಾನೆ. ತಾಯಿಯೊಬ್ಬಳು ಮಗನ ಮೇಲಿನ ಸಿಟ್ಟಿಗೆ, ಇವನು ನನ್ನ ಗಂಡನಿಗೆ ಹುಟ್ಟಿದವನೇ ಅಲ್ಲ, ಇಂಥವನಿಗೆ ಹುಟ್ಟಿದವನು ಎಂದು ಕೋರ್ಟಿನಲ್ಲಿ ಹೇಳುತ್ತಾಳೆ. ಆ ಇಂಥವನು ಪೀಠದಲ್ಲಿ ಕೂತಿರುವ ಕ್ರಿಸ್ಪಿಯಾನೋನೇ ಎಂದು ಅವಳಿಗೆ ಗೊತ್ತಿಲ್ಲ. ಅವನು ಜಾಗವನ್ನು ಇನ್ನೊಬ್ಬನಿಗೆ ಬಿಟ್ಟುಕೊಟ್ಟು ಕೆಳಗೆ ಇಳಿಯುತ್ತಾನೆ, ಆಮೇಲೆ ತಾನು ಯಾರು ಎಂದು ಹೇಳುತ್ತಾನೆ. ಸುಳ್ಳು ಅಲ್ಲೇ ಬಯಲಾಗುತ್ತದೆ. ವಿಟ್ಟೋರಿಯಾ ಕೇಳಿದ್ದನ್ನು ಇಲ್ಲಿ ಒಬ್ಬ ಮಾಡಿದ.

ನನಗೆ ಇನ್ನೂ ಇಷ್ಟ ‘ಮೆಷರ್ ಫಾರ್ ಮೆಷರ್’ನ ಮುದುಕ ಎಸ್ಕಲಸ್. ಎಲ್ಬೋ ಎಂಬ ಪೆದ್ದು ಕಾನ್‌ಸ್ಟೇಬಲ್ ಇಬ್ಬರನ್ನು ಹಿಡಿದು ತಂದು, ಏನು ಆರೋಪ ಎಂದು ಹೇಳಲು ಬಾರದೆ ಗೋಜಲು ಮಾಡುತ್ತಾನೆ. ಏಂಜೆಲೋಗೆ ಬೇಜಾರಾಗಿ, ಎಲ್ಲರಿಗೂ ಚಾಟಿಯೇಟು ಕೊಡಲು ಕಾರಣ ಸಿಗಲಿ ಎಂದು ಹೇಳಿ ಎದ್ದು ಹೋಗುತ್ತಾನೆ. ಎಸ್ಕಲಸ್ ಕೂತು ಪೂರ್ತಿ ಕೇಳುತ್ತಾನೆ, ಇಬ್ಬರಿಗೂ ಎಚ್ಚರಿಕೆ ಕೊಟ್ಟು ಬಿಡುತ್ತಾನೆ. ಆಮೇಲೆ ಎಲ್ಬೋನನ್ನು ಹತ್ತಿರ ಕರೆದು, ಈ ಕೆಲಸದಲ್ಲಿ ಎಷ್ಟು ವರ್ಷ ಆಯಿತಪ್ಪಾ ಎನ್ನುತ್ತಾನೆ. ಏಳೂವರೆ ವರ್ಷ. ಸರದಿ ಬಂದ ಬೇರೆಯವರು ದುಡ್ಡು ಕೊಟ್ಟು ತಮ್ಮ ಪಾಳಿಯನ್ನೂ ಇವನಿಗೇ ಕಟ್ಟಿದ್ದಾರೆ. ಅಯ್ಯೋ, ನಿನಗೆ ತುಂಬ ಕಷ್ಟ ಕೊಟ್ಟಿದ್ದಾರೆ, ನಿನ್ನ ಏರಿಯಾದಲ್ಲಿ ಈ ಕೆಲಸಕ್ಕೆ ಯೋಗ್ಯರಾದ ಆರೇಳು ಜನರ ಹೆಸರು ಬರೆದು ತಂದುಕೊಡು ಎನ್ನುತ್ತಾನೆ ಎಸ್ಕಲಸ್. ಎಲ್ಬೋ ಖುಷಿಯಿಂದ ಮನೆಗೆ ಹೋಗುತ್ತಾನೆ, ಕೆಲಸ ಹೋಗಲಿದೆ ಎಂಬುದು ಅವನಿಗೆ ಹೊಳೆದೇ ಇಲ್ಲ.